ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಬೇಕಾ? ಮೊದಲು ಭರತದ ಹೊತ್ತು ನೋಡಿಕೊಳ್ಳಿ

ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಹಕ್ಕಿ ನೋಡಲು ಹೋಗುವವರು ಹೆಚ್ಚಾಗಿ ಕಾಡಿಗೆ ಹೊರಟವರ ಹಾಗೇ ಹೋಗುತ್ತಾರೆ. ನಸುಕಿನಲ್ಲೇ ಎದ್ದು, ಬೆಳಕು ಹರಿಯುವಷ್ಟರಲ್ಲಿ ದಂಡೆ ಸೇರಿ, ಬೈನಾಕ್ಯುಲರ್ ಎತ್ತುತ್ತಾರೆ. ಕಾಣುವುದು ಬರೀ ಕೆಸರು. ಎಲ್ಲೋ ಅರ್ಧ ಕಿಲೋಮೀಟರ್ ಆಚೆ ಚುಕ್ಕಿ ಚುಕ್ಕಿಯಾಗಿ ಏನೋ ಓಡಾಡುತ್ತಿರುತ್ತದೆ, ಅಷ್ಟೇ. "ಇಲ್ಲಿ ಏನೂ ಇಲ್ಲ ಮಾರಾಯ್ರೇ" ಅಂತ ವಾಪಸ್ ಬಂದು ಗೋಕರ್ಣದಲ್ಲಿ ತಿಂಡಿ ತಿಂದು ಹೊರಡುತ್ತಾರೆ. ಅದೇ ಜಾಗದಲ್ಲಿ ಮೂರು ಗಂಟೆ ಬಿಟ್ಟು ನಿಂತಿದ್ದರೆ ಆ ಚುಕ್ಕಿಗಳೆಲ್ಲ ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ ಬಂದಿರುತ್ತಿದ್ದವು.

ಅಳಿವೆಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗಿಂತ ಭರತ (ಸಮುದ್ರದ ನೀರಿನ ಏರಿಕೆ) ಬರುವ ಹೊತ್ತು ಮುಖ್ಯ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಹಕ್ಕಿ ಹುಡುಕಿಕೊಂಡು ನೀವು ಓಡಾಡುವುದೇ ಬೇಡ, ನೀರೇ ಅವುಗಳನ್ನು ನಿಮ್ಮ ಕಡೆ ತರುತ್ತದೆ.

ಹೇಗೆ ಅಂದರೆ, ಇಳಿತ ಆದಾಗ ಕೆಸರು ಬಯಲೆಲ್ಲ ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳ, ಸಣ್ಣ ಏಡಿ, ಚಿಪ್ಪುಜೀವಿಗಳು ತುಂಬಿರುತ್ತವೆ. ಹಕ್ಕಿಗಳು ನೀರಿನ ಅಂಚಿನ ಉದ್ದಕ್ಕೂ ಹರಡಿಕೊಂಡು ಮೇಯುತ್ತವೆ, ನೀರು ಹಿಂದೆ ಸರಿದಷ್ಟೂ ಅವೂ ದೂರ ಹೋಗುತ್ತವೆ. ಭರತ ಏರತೊಡಗಿದಾಗ ಮೇಯುವ ಜಾಗ ಕಿರಿದಾಗುತ್ತಾ ಬರುತ್ತದೆ, ಹಕ್ಕಿಗಳೆಲ್ಲ ದಂಡೆಯ ಕಡೆಗೆ ಒತ್ತಿಕೊಂಡು ಬರುತ್ತವೆ. ನೀರು ಪೂರ್ತಿ ತುಂಬಿದ ಮೇಲೆ ಮೇಯಲು ಜಾಗವೇ ಇಲ್ಲ. ಆಗ ಗಜನಿ (ಹೊಳೆ ಪಕ್ಕದ ತಗ್ಗು ಗದ್ದೆ) ಒಡ್ಡಿನ ಮೇಲೋ, ಉಪ್ಪಿನಾಗರದ ಕಟ್ಟೆಯ ಮೇಲೋ, ಮರಳು ದಿಬ್ಬದ ಮೇಲೋ ಗುಂಪಾಗಿ ಕೂತು ನೀರು ಇಳಿಯುವುದನ್ನು ಕಾಯುತ್ತವೆ. ಹಾಗಾಗಿ ಭರತ ತುಂಬುವುದಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ ಕೂತರೆ ಸರಿಯಾದ ಲೆಕ್ಕ. ತುಂಬಿದ ಮೇಲೆ ಒಂದು ಗಂಟೆ ಇದ್ದು, ನೀರು ಇಳಿಯಲು ಶುರುವಾಗಿ ಮೊದಲ ಕೆಸರು ಕಂಡಾಗ ಅವು ಹಾರಿ ಇಳಿಯುವುದನ್ನೂ ನೋಡಿಕೊಂಡೇ ಬನ್ನಿ.

ಭರತದ ಹೊತ್ತು ತಿಳಿಯಲು ಮೊಬೈಲಿನಲ್ಲಿ ಕಾರವಾರದ ಟೈಡ್ ಟೇಬಲ್ ಸಿಗುತ್ತದೆ, ಅದನ್ನು ನೋಡಿ. ಆದರೆ ಪ್ಲಾನ್ ಮಾಡುವಾಗ ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಸಾಕು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ಕಾರವಾರ-ಕುಮಟಾ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಹಗಲಿನ ಭರತ ಬೆಳಗ್ಗೆ ಹನ್ನೊಂದರ ಆಚೀಚೆ ಬರುತ್ತದೆ. ಅಲ್ಲಿಂದ ಲೆಕ್ಕ ಹಾಕಿ. ತ್ರಯೋದಶಿಗೆ ಒಂಬತ್ತೂವರೆ ಹತ್ತಿರ, ಬಿದಿಗೆಗೆ ಹನ್ನೆರಡೂವರೆ ದಾಟುತ್ತದೆ. ಅಷ್ಟಮಿಗೆ ಬರುವಷ್ಟರಲ್ಲಿ ಭರತ ಸಂಜೆ ಐದಕ್ಕೆ ಹೋಗಿ, ಬೆಳಗಿನ ಹೊತ್ತೆಲ್ಲ ನೀರು ಇಳಿಯುತ್ತಾ ಇರುತ್ತದೆ. ಇದೆಲ್ಲ ಅಂದಾಜು ಲೆಕ್ಕ. ಹೊರಡುವ ಹಿಂದಿನ ದಿನ ಟೇಬಲ್ ನೋಡಿಯೇ ಹೊರಡಿ. ಟೇಬಲ್ಲಿನ ಹೊತ್ತು ಸಮುದ್ರದ ಬಾಯಿಗೆ ಹತ್ತಿರ, ಮಿರ್ಜಾನ್ ಕಡೆ ಒಳಗೆ ಹೋದಷ್ಟೂ ನೀರು ಸ್ವಲ್ಪ ತಡವಾಗಿ ತುಂಬುತ್ತದೆ.

ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇದು ಕರಾವಳಿಯವರಿಗೆ ಹೇಳಬೇಕಾದ ವಿಷಯವೇ ಅಲ್ಲ. ಏರಿಳಿತ ಜಾಸ್ತಿ ಇರುವ ದಿನ ಕೆಸರೆಲ್ಲ ಮುಳುಗಿ ಹಕ್ಕಿಗಳು ಒಂದೇ ಕಡೆ ಸೇರುತ್ತವೆ. ಅಷ್ಟಮಿ ನವಮಿಗೆ ಭರತದಲ್ಲೂ ಅಲ್ಲಲ್ಲಿ ಕೆಸರು ಉಳಿದಿರುತ್ತದೆ, ಹಕ್ಕಿಗಳು ಹಂಚಿಹೋಗಿ ದೂರದಲ್ಲೇ ಮೇಯುತ್ತಾ ಇರುತ್ತವೆ. ನನ್ನನ್ನು ಕೇಳಿದರೆ ದ್ವಾದಶಿಯಿಂದ ಚತುರ್ದಶಿವರೆಗಿನ ದಿನಗಳೇ ಎಲ್ಲಕ್ಕಿಂತ ಒಳ್ಳೆಯವು. ಭರತ ಎಂಟೂವರೆಯಿಂದ ಹತ್ತರೊಳಗೆ ಮುಗಿಯುತ್ತದೆ. ಅಮಾವಾಸ್ಯೆಗೇ ಹೋದರೆ ನೀರು ತುಂಬುವಷ್ಟರಲ್ಲಿ ಬಿಸಿಲು ಏರಿ, ಕೆಸರಿನ ಮೇಲೆ ಗಾಳಿ ಕಾದು ಕುಣಿಯತೊಡಗುತ್ತದೆ. ಎಷ್ಟು ದುಬಾರಿ ಬೈನಾಕ್ಯುಲರ್ ಇದ್ದರೂ ಆಗ ಕಾಲಿನ ಬಣ್ಣ ಹೇಳಲು ಆಗುವುದಿಲ್ಲ.

ಎಲ್ಲಿ ನಿಲ್ಲಬೇಕು

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲೂಕಿನಲ್ಲಿ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಹೊಳೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮೇಲಿನ ಸಿಹಿನೀರು, ಕೆಳಗಿನ ಉಪ್ಪುನೀರು, ಇಬ್ಬದಿಯ ಕೆಸರು ಎಲ್ಲವೂ ಇನ್ನೂ ತಮ್ಮ ಲಯದಲ್ಲೇ ಇವೆ. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮಾಗಡಿ ಕೆರೆ, ಅಂಕಸಮುದ್ರವೂ ಜೊತೆಗೇ ಸೇರಿದವು. ಅದಕ್ಕೂ ಮುಂಚೆ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಮೊದಲ ಸಲ ಬರುವವರು ಸಾಣಿಕಟ್ಟಾದಿಂದ ಶುರು ಮಾಡಿ. ಗೋಕರ್ಣದಿಂದ ಹತ್ತಿರವೇ. ಇಲ್ಲಿನ ಉಪ್ಪಿನಾಗರ ಬಹಳ ಹಳೆಯದು, ಇವತ್ತಿಗೂ ಉಪ್ಪು ತೆಗೆಯುತ್ತಾರೆ. ಆಗರದ ತೆಳು ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಉದ್ದ ಗುಲಾಬಿ ಕಾಲಿನ ಮೇಲೆ ನಡೆದಾಡುತ್ತಿರುತ್ತವೆ. ಹೊರಗೆ ಹೊಳೆಯಲ್ಲಿ ಭರತ ತುಂಬಿದಾಗ ಸಣ್ಣ ಹಕ್ಕಿಗಳ ಗುಂಪು ಇಲ್ಲಿಯ ಕಟ್ಟೆಗಳಿಗೆ ಬಂದು ಇಳಿಯುತ್ತದೆ. ರಸ್ತೆಯಲ್ಲಿ ನಿಂತೇ ನೋಡಬಹುದು. ಆಗರದ ಒಳಗೆ ಕಾಲಿಡುವ ಮುಂಚೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿ. ಅವರು ಕೆಸರನ್ನು ತುಳಿದು, ಬಡಿದು ಹದ ಮಾಡಿದ ನೆಲ ಅದು. ನಮ್ಮ ಶೂ ಗುರುತು ಅಲ್ಲಿ ಬೀಳಬಾರದು.

ತದಡಿಯಲ್ಲಿ ಮೀನುಗಾರಿಕಾ ಬಂದರು ಇದೆ. ಕಡಲಕಾಗೆಗಳನ್ನೂ ರೀವಗಳನ್ನೂ (ಟರ್ನ್) ನೋಡಲು ಅದೇ ಜಾಗ. ಬೋಟು ಮೀನು ಇಳಿಸುವಾಗ ಗರುಡಗಳು ತಲೆಯ ಮೇಲೇ ಸುತ್ತುತ್ತವೆ. ಅಲ್ಲಿಂದ ದೋಣಿಯಲ್ಲಿ ದಾಟಿದರೆ ಆಚೆ ಅಘನಾಶಿನಿ ಊರು. ದಾಟುವಾಗ ಸುಮ್ನೆ ಕೂರಬೇಡಿ, ಅಳಿವೆಯ ಬಾಯಿಯ ಕಡೆಗೊಮ್ಮೆ ಕಣ್ಣು ಹಾಯಿಸಿ.

ಹೆಗಡೆ, ಮಾಸೂರು, ಲುಕ್ಕೇರಿ, ಮಾಣಿಕಟ್ಟಾ ಕಡೆ ಗಜನಿಗಳು. ಗಜನಿ ಗೊತ್ತಿಲ್ಲದವರಿಗೆ ಒಂದು ಮಾತು: ಹೊಳೆಯ ಪಕ್ಕದ ತಗ್ಗು ಭೂಮಿಗೆ ಒಡ್ಡು ಕಟ್ಟಿ, ಬಾಗಿಲು ಇಟ್ಟು, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಆಮೇಲೆ ಉಪ್ಪುನೀರು ಬಿಟ್ಟುಕೊಂಡು ಮೀನು, ಸೀಗಡಿ ಹಿಡಿಯುತ್ತಾರೆ. ಕಗ್ಗ ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಅದು ನೀರಲ್ಲಿ ಕೊಳೆತು ಸೀಗಡಿಗೆ ಮೇವಾಗುತ್ತದೆ, ಸೀಗಡಿ ಇದ್ದಲ್ಲಿ ಹಕ್ಕಿ ಇದ್ದೇ ಇರುತ್ತದೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ನೀರು ಬಿಡುವ ಹೊತ್ತಿಗೆ ಹೋದರೆ ಬೆಳ್ಳಕ್ಕಿಗಳು ಬಾಗಿಲ ಇಕ್ಕೆಲದಲ್ಲೂ ಸಾಲಾಗಿ ನಿಂತಿರುತ್ತವೆ. ಒಡ್ಡಿನ ಅಂಚಿನ ಉಪ್ಪು ಹುಲ್ಲು, ಹೊಳೆಚುಳ್ಳಿ ಪೊದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಇವನ್ನೆಲ್ಲ ನಿಧಾನಕ್ಕೆ ನೋಡಿ. ಬೂದು ಬಕ, ಕೊಳದ ಬಕ ಅಲ್ಲಾಡದೆ ನಿಂತಿರುತ್ತವೆ.

ದೀವಗಿ, ಮಿರ್ಜಾನ್ ಕಡೆಯ ಕಾಂಡ್ಲಾ ಕಾಡು ಮಿಂಚುಳ್ಳಿಗಳ ಜಾಗ. ಕರಿತಲೆ ಮಿಂಚುಳ್ಳಿ ನೋಡಬೇಕಾದರೆ ಇಲ್ಲಿಗೆ ಬನ್ನಿ. ಮೈ ಕಡುನೀಲಿ, ತಲೆ ಕಪ್ಪು, ಕೊರಳು ಬಿಳಿ, ದಪ್ಪ ಕೆಂಪು ಕೊಕ್ಕು. ಕಣ್ಣಿಗೆ ಬೀಳುವ ಮುಂಚೆ ಕೂಗೇ ಕೇಳಿಸುತ್ತದೆ.

ಜಾಗ ಯಾವುದೇ ಇರಲಿ, ಬೆಳಕು ಬೆನ್ನಿಗೆ ಇರಬೇಕು. ಪೂರ್ವಕ್ಕೆ ಮುಖ ಮಾಡಿ ನೋಡಬೇಕಾದ ದಂಡೆಗೆ ಬೆಳಗ್ಗೆ ಹೋದರೆ ಎಲ್ಲ ಹಕ್ಕಿಯೂ ಕಪ್ಪು ನೆರಳೇ. ಅಂಥ ಜಾಗವನ್ನು ಮಧ್ಯಾಹ್ನದ ಮೇಲೆ ಭರತ ಬರುವ ದಿನಕ್ಕೆ, ಅಂದರೆ ಚೌತಿ ಪಂಚಮಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಕುಳಿತುಕೊಳ್ಳಿ, ನಿಂತಿರಬೇಡಿ. ಬಯಲಿನಲ್ಲಿ ನಿಂತ ಮನುಷ್ಯ ಬಹಳ ದೂರದಿಂದಲೇ ಹಕ್ಕಿಗೆ ಕಾಣುತ್ತಾನೆ. ಒಡ್ಡಿನ ಇಳಿಜಾರಿನಲ್ಲಿ ತಲೆ ಮಾತ್ರ ಮೇಲೆ ಬರುವ ಹಾಗೆ ಕೂತರೆ ನೀರಿನ ಜೊತೆ ಅವು ತಾವಾಗೇ ಹತ್ತಿರ ಬರುತ್ತವೆ. ಆ ಒಂದು ಗಂಟೆ ಎದ್ದು ಓಡಾಡದಿದ್ದರೆ ಸಾಕು.

ಎಲ್ಲಾ ಒಂದೇ ಥರ ಕಾಣುತ್ತವಲ್ಲ?

ಕಾಣುತ್ತವೆ. ಚಳಿಗಾಲದಲ್ಲಿ ಬಂದ ದಂಡೆಹಕ್ಕಿಗಳೆಲ್ಲ ಮೇಲೆ ಬೂದುಗಂದು, ಕೆಳಗೆ ಬಿಳಿ. ಬಣ್ಣ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ಬಣ್ಣ ಬಿಟ್ಟುಬಿಡಿ. ಮೂರು ವಿಷಯ ನೋಡಿ: ಕೊಕ್ಕು ಎಷ್ಟು ಉದ್ದ ಮತ್ತು ಎತ್ತ ಬಾಗಿದೆ, ಕಾಲಿನ ಬಣ್ಣ ಏನು, ಮೇಯುವ ರೀತಿ ಹೇಗೆ. ಮೂರರಲ್ಲಿ ನಾನು ಜಾಸ್ತಿ ನಂಬುವುದು ಮೇಯುವ ರೀತಿಯನ್ನು, ಯಾಕೆಂದರೆ ಅದು ಬೆಳಕು ಕೆಟ್ಟಾಗಲೂ ದೂರದಿಂದಲೂ ಗೊತ್ತಾಗುತ್ತದೆ.

ಪ್ಲವರ್‌ಗಳಿಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಅವು ಕಣ್ಣಿನಿಂದ ಬೇಟೆಯಾಡುತ್ತವೆ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತವೆ, ನೋಡುತ್ತವೆ, ಬಗ್ಗಿ ಕುಕ್ಕುತ್ತವೆ, ಮತ್ತೆ ಓಡುತ್ತವೆ. ಕೆಲವೊಮ್ಮೆ ಒಂದು ಕಾಲನ್ನು ಒದ್ದೆ ಕೆಸರಿನ ಮೇಲೆ ಗಡಗಡ ನಡುಗಿಸುತ್ತವೆ, ಒಳಗಿನ ಹುಳ ಅಲುಗಾಡಿ ಕಣ್ಣಿಗೆ ಬೀಳಲಿ ಅಂತ. ಅಘನಾಶಿನಿಯಲ್ಲಿ ದೊಡ್ಡ ಗುಂಪಿನಲ್ಲಿ ಕಾಣುವ ಸ್ಯಾಂಡ್ ಪ್ಲವರ್ ಈ ಜಾತಿಯದು. ಅವು ಮೊಟ್ಟೆ ಇಡುವುದು ಟಿಬೆಟ್, ಲಡಾಖ್ ಕಡೆಯ ಎತ್ತರದ ಬಯಲುಗಳಲ್ಲಿ. ಅಷ್ಟು ಮೇಲಿಂದ ನಮ್ಮ ಕೆಸರಿಗೆ ಇಳಿದು ಬಂದಿರುತ್ತವೆ. ಅದೇ ಗಾತ್ರದ, ಕೊರಳ ಸುತ್ತ ಪೂರ್ತಿ ಬಿಳಿ ಪಟ್ಟಿ ಇರುವ ಹಕ್ಕಿ ಕಂಡರೆ ಅದು ಕೆಂಟಿಶ್ ಪ್ಲವರ್.

ಸ್ಯಾಂಡ್‌ಪೈಪರ್ ಕುಟುಂಬದವು ನಿಲ್ಲುವುದು ಕಡಿಮೆ. ನಡೆಯುತ್ತಲೇ ಕೊಕ್ಕಿನಿಂದ ಕೆಸರನ್ನು ತಡಕಾಡುತ್ತವೆ. ಕೆಂಪು ಕಾಲು ಕಂಡರೆ ರೆಡ್‌ಶ್ಯಾಂಕ್. ಹಾರುವಾಗ ರೆಕ್ಕೆಯ ಹಿಂದಿನ ಅಂಚು ಅಚ್ಚ ಬಿಳಿ, ಅನುಮಾನವೇ ಬೇಡ. ಇದು ಅಳಿವೆಯ ಕಾವಲುಗಾರ. ನೀವು ಹತ್ತಿರ ಬಂದಿದ್ದೀರಿ ಅಂತ ಮೊದಲು ಕಿರುಚಿ ಊರಿಗೆಲ್ಲ ಹೇಳುವುದು ಇದೇ. ಹಸಿರು ಕಾಲು, ಸ್ವಲ್ಪ ಮೇಲಕ್ಕೆ ಬಾಗಿದ ದಪ್ಪ ಕೊಕ್ಕು ಇದ್ದರೆ ಗ್ರೀನ್‌ಶ್ಯಾಂಕ್. ಸಪೂರ ಮೈ, ನೆಟ್ಟಗೆ ಸೂಜಿಯಂಥ ಕೊಕ್ಕು ಇದ್ದರೆ ಮಾರ್ಶ್ ಸ್ಯಾಂಡ್‌ಪೈಪರ್. ಗಿಡ್ಡ ಕಿತ್ತಳೆ ಕಾಲು, ಮೇಲಕ್ಕೆ ಬಾಗಿದ ಉದ್ದ ಕೊಕ್ಕು, ತಲೆ ತಗ್ಗಿಸಿ ಏಡಿಯ ಹಿಂದೆ ಅತ್ತಿತ್ತ ಓಡುವುದು ಟೆರೆಕ್. ಬಾಲ ಕುಣಿಸುತ್ತಾ ಒಂಟಿಯಾಗಿ ಕಲ್ಲಿನ ಮೇಲೆ ಓಡಾಡುವುದು ಕಾಮನ್ ಸ್ಯಾಂಡ್‌ಪೈಪರ್, ಅದನ್ನು ನೀವು ನಿಮ್ಮೂರ ಕೆರೆಯಲ್ಲೂ ನೋಡಿರುತ್ತೀರಿ.

ಇಷ್ಟರಲ್ಲಿ ಒಂದೇ ಒಂದನ್ನು ಮನಸ್ಸಿಟ್ಟು ನೋಡಲು ಸಮಯ ಇದ್ದರೆ ಕರ್ಲ್ಯೂ ನೋಡಿ. ಊರ ಕೋಳಿಯಷ್ಟು ದೊಡ್ಡ ಮೈ, ಕೆಳಕ್ಕೆ ಬಾಗಿದ ಬಹಳ ಉದ್ದದ ಕೊಕ್ಕು. ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ. ಅದು ಕೆಸರಿನ ಮೇಲೆ ನಿಧಾನಕ್ಕೆ ನಡೆದು ಒಂದು ಏಡಿ ಬಿಲದ ಮುಂದೆ ನಿಲ್ಲುತ್ತದೆ. ಕೊಕ್ಕನ್ನು ಇಳಿಸುತ್ತದೆ, ಇನ್ನೂ ಇಳಿಸುತ್ತದೆ, ಕೊನೆಗೆ ಕೆನ್ನೆ ಕೆಸರಿಗೆ ತಾಗುತ್ತದೆ. ಬಿಲ ಬಾಗಿದ ಕಡೆಗೆ ಕೊಕ್ಕು ತಿರುಗಿಸಲು ತಲೆಯನ್ನೇ ಓರೆ ಮಾಡುತ್ತದೆ. ಏಡಿಯನ್ನು ಎಳೆದು ಹಾಕಿ, ಕಾಲು ಹಿಡಿದು ಒದರುತ್ತದೆ. ಕಾಲುಗಳು ಒಂದೊಂದೇ ಕಳಚಿ ಬೀಳುತ್ತವೆ. ಆಮೇಲೆ ಪಕ್ಕದ ನೀರಿನ ಗುಂಡಿಗೆ ಒಯ್ದು ಅದ್ದಿ, ಕೆಸರು ತೊಳೆದು, ತಲೆ ಎತ್ತಿ ನುಂಗುತ್ತದೆ. ಇದಕ್ಕೆಲ್ಲ ನಿಮಿಷವೂ ಬೇಕಿಲ್ಲ. ಕೊಕ್ಕು ಯಾಕೆ ಅಷ್ಟು ಉದ್ದ ಅಂತ ಪುಸ್ತಕ ಓದಿ ತಿಳಿಯಬೇಕಾಗಿಲ್ಲ, ಅಲ್ವಾ? ಗಿಡ್ಡ ಕೊಕ್ಕಿನ ಪ್ಲವರ್ ಮೇಲಿನ ಹುಳ ತಿನ್ನುತ್ತದೆ, ರೆಡ್‌ಶ್ಯಾಂಕ್ ಸ್ವಲ್ಪ ಆಳದ್ದು, ಕರ್ಲ್ಯೂ ತೀರಾ ಒಳಗಿನದ್ದು. ಒಂದೇ ಕೆಸರಿನಲ್ಲಿ ಎಲ್ಲರಿಗೂ ಊಟ ಸಿಗುವುದು ಹೀಗೆ. ಕರ್ಲ್ಯೂ ಥರವೇ ಇದ್ದು ಕೊಕ್ಕು ಗಿಡ್ಡ, ನೆತ್ತಿಯ ಮೇಲೆ ಪಟ್ಟೆ ಇದ್ದರೆ ಅದು ವಿಂಬ್ರೆಲ್. ಒಂದೇ ಸ್ವರದಲ್ಲಿ ಏಳು ಸಲ ಸಿಳ್ಳೆ ಹೊಡೆದ ಹಾಗೆ ಕೂಗುತ್ತದೆ.

ಬೆಳ್ಳಕ್ಕಿಗಳಲ್ಲೂ ಒಂದು ವಿಶೇಷ ಇದೆ. ರೀಫ್ ಎಗ್ರೆಟ್ ಅನ್ನುವುದು ಎರಡು ಬಣ್ಣದಲ್ಲಿ ಇರುತ್ತದೆ, ಕೆಲವು ಪೂರ್ತಿ ಬಿಳಿ, ಕೆಲವು ಗಂಟಲು ಮಾತ್ರ ಬಿಳಿ ಇದ್ದು ಉಳಿದದ್ದೆಲ್ಲ ಸ್ಲೇಟಿನ ಬಣ್ಣ. ಸ್ಲೇಟಿನ ಬಣ್ಣದ್ದನ್ನು ಗುರುತಿಸಲು ಕಷ್ಟವೇ ಇಲ್ಲ. ಬಿಳಿಯದ್ದು ಸಣ್ಣ ಬೆಳ್ಳಕ್ಕಿಯ ಜೊತೆ ಕಲಸಿಹೋಗುತ್ತದೆ, ಆಗ ಕೊಕ್ಕು ನೋಡಿ. ಸಣ್ಣ ಬೆಳ್ಳಕ್ಕಿಯದು ಕಪ್ಪು, ಸಪೂರ. ಇದರದ್ದು ಹಳದಿ-ಕಂದು, ದಪ್ಪ.

ಕಡಲಕಾಗೆ, ರೀವಗಳ ವಿಷಯ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಸದ್ಯಕ್ಕೆ ಇಷ್ಟು ಸಾಕು: ಕಂದುತಲೆಯ ಕಡಲಕಾಗೆಗೆ ಚಳಿಗಾಲದಲ್ಲಿ ತಲೆ ಕಂದು ಇರುವುದೇ ಇಲ್ಲ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕಿ ಮಾತ್ರ. ಅದನ್ನು ಗುರುತಿಸಲು ಹಾರುವಾಗ ರೆಕ್ಕೆಯ ತುದಿ ನೋಡಿ. ಕಪ್ಪು ತುದಿಯೊಳಗೆ ಬಿಳಿ ಮಚ್ಚೆ ಇರುತ್ತದೆ.

ಎಲ್ಲ ಹಕ್ಕಿಗಳೂ ಒಮ್ಮೆಲೇ ಎದ್ದು ಹಾರಿದರೆ ಅವುಗಳನ್ನು ನೋಡಬೇಡಿ, ಆಕಾಶ ನೋಡಿ. ಬೇಟೆಯಾಡುವ ಪೆರೆಗ್ರಿನ್ ಡೇಗೆ ಬಂದಿರಬಹುದು, ಅಥವಾ ಮಾರ್ಶ್ ಹ್ಯಾರಿಯರ್ ಗಜನಿಯ ಮೇಲೆ ತಗ್ಗಿನಲ್ಲಿ ತೇಲುತ್ತಿರಬಹುದು. ಬಿಳಿಹೊಟ್ಟೆಯ ಕಡಲಹದ್ದನ್ನು ಹುಡುಕಲು ದಂಡೆಯ ಎತ್ತರದ ಮರಗಳ ತುದಿ ನೋಡಿ.

ಹಾರಿಸಬೇಡಿ

ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಭರತದಲ್ಲಿ ಗುಂಪಾಗಿ ಕೂತ ಹಕ್ಕಿಗಳು ಒಂದು ಕಾಲು ಮಡಚಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ, ಗಾಳಿಗೆ ಮುಖ ಮಾಡಿ ನಿದ್ದೆ ಮಾಡುತ್ತಿರುತ್ತವೆ. ಆ ಹೊತ್ತಿಗೆ ಫೋಟೋಗೋಸ್ಕರ ಹತ್ತಿರ ಹೋಗಿ ಹಾರಿಸುವವರಿದ್ದಾರೆ. ಗುಂಪು ಹಾರುವ ಫೋಟೋ ಚೆಂದ ಬರುತ್ತದೆ, ನಿಜ. ಆದರೆ ಆಗ ಅವಕ್ಕೆ ಹೋಗಲು ಬೇರೆ ಜಾಗ ಇರುವುದಿಲ್ಲ, ಎಲ್ಲ ಕಡೆ ನೀರು. ಇಳಿತದಲ್ಲಿ ಮೇಯಲು ಸಿಗುವುದೇ ಕೆಲವು ಗಂಟೆ, ಅಷ್ಟರಲ್ಲಿ ಕೂಡಿಸಿಕೊಂಡ ಕೊಬ್ಬಿನಲ್ಲೇ ಅವು ಏಪ್ರಿಲ್‌ನಲ್ಲಿ ಹಿಮಾಲಯ ದಾಟಬೇಕು. ಸುಮ್ನೆ ಹಾರಿಸಿದ ಪ್ರತಿ ಸಲವೂ ಆ ಕೊಬ್ಬು ಕರಗುತ್ತದೆ. ಮಲಗಿದವು ತಲೆ ಎತ್ತಿದರೆ, ಕುತ್ತಿಗೆ ಕುಲುಕಿದರೆ, ಅಂಚಿನವು ನಡೆಯತೊಡಗಿದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಅಲ್ಲೇ ಕೂತುಬಿಡಿ, ಆಮೇಲೆ ಮೆಲ್ಲಗೆ ಹಿಂದೆ ಬನ್ನಿ. ಗುಂಪಿನ ಮೇಲೆ ಡ್ರೋನ್ ಹಾರಿಸುವ ಯೋಚನೆಯಿದ್ದರೆ ದಯವಿಟ್ಟು ಬರಲೇಬೇಡಿ.

ಕೆಸರಿಗೂ ಇಳಿಯಬೇಡಿ. ಮೇಲಿನಿಂದ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ, ಒಳಗಿನ ಚಿಪ್ಪು ಪಾದ ಕೊಯ್ಯುತ್ತದೆ. ಅಷ್ಟರಲ್ಲಿ ಭರತ ಏರುತ್ತಿದ್ದರೆ ಅಪಾಯ. ಇಳಿತದಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಅಲ್ಲೇ ಸೊಂಟದವರೆಗಿನ ನೀರಿನಲ್ಲಿ ಓಡಾಡುತ್ತಾರಲ್ಲ ಅಂತ ಅನ್ನಿಸಬಹುದು. ಅವರಿಗೆ ಆ ನೆಲದ ಒಂದೊಂದು ಗೇಣೂ ಗೊತ್ತು. ಎಲ್ಲಿ ಹಕ್ಕಿ ಜಾಸ್ತಿ ಕೂರುತ್ತದೆ ಅಂತ ಅವರನ್ನೇ ಕೇಳಿ, "ಅಕ್ಕಾ, ಭರತ ಬಂದಾಗ ಹಕ್ಕಿಯೆಲ್ಲ ಯಾವ ಬದಿಗೆ ಹೋಗ್ತದೆ?" ಅಂದರೆ ಸಾಕು. ಈ ಅಳಿವೆಯನ್ನು ನಂಬಿ ಬದುಕುವ ಸಾವಿರಾರು ಕುಟುಂಬಗಳಿವೆ. ಬಲೆ, ದೋಣಿ, ಸೀಗಡಿ ಕೆರೆಯ ಒಡ್ಡು ಇವೆಲ್ಲ ಯಾರೋ ಒಬ್ಬರದ್ದು. ಕೇಳಿ ನಡೆಯಿರಿ, ಕೆಲಸ ಮಾಡುತ್ತಿರುವವರ ಫೋಟೋ ಕೇಳದೆ ತೆಗೆಯಬೇಡಿ.

ಯಾವಾಗ, ಏನು ತರಬೇಕು

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ, ಡಿಸೆಂಬರ್ ಜನವರಿ ಇನ್ನೂ ಒಳ್ಳೆಯದು. ಆದರೆ ಏಪ್ರಿಲ್ ಮೊದಲ ವಾರಗಳನ್ನು ಬಿಡಬೇಡಿ. ಸೆಕೆ ಜಾಸ್ತಿ ಅಂತ ಆಗ ಯಾರೂ ಬರುವುದಿಲ್ಲ. ಹೊರಡುವ ಮುಂಚೆ ಹಕ್ಕಿಗಳು ಮದುವೆಯ ಬಟ್ಟೆ ಹಾಕಿಕೊಳ್ಳುವ ಕಾಲ ಅದು: ಸ್ಯಾಂಡ್ ಪ್ಲವರ್‌ಗಳ ಎದೆ ಇಟ್ಟಿಗೆ ಕೆಂಪಾಗುತ್ತದೆ, ಗೋಲ್ಡನ್ ಪ್ಲವರ್‌ನ ಹೊಟ್ಟೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಹಕ್ಕಿಯೂ ಕಡಿಮೆ, ಬೆಳಕೂ ಇಲ್ಲ.

8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು, ಬಯಲು ದೊಡ್ಡದಾದ್ದರಿಂದ 10x42 ಆದರೂ ನಡೆಯುತ್ತದೆ. ಗುಂಪಿನಲ್ಲಿ ಒಬ್ಬರ ಹತ್ತಿರ ಸ್ಪಾಟಿಂಗ್ ಸ್ಕೋಪ್ ಇದ್ದರೆ ಎಲ್ಲರಿಗೂ ಹಬ್ಬ. ಟೋಪಿ, ನೀರು, ಕೂರಲು ಒಂದು ಪ್ಲಾಸ್ಟಿಕ್ ಹಾಳೆ. ನೆರಳು ಅನ್ನುವುದು ಇಲ್ಲ. ರೈಲಿನಲ್ಲಿ ಬರುವವರಿಗೆ ಕುಮಟಾ ಅಥವಾ ಗೋಕರ್ಣ ರೋಡ್ ಸ್ಟೇಷನ್ ಹತ್ತಿರ.

ಎಣಿಸುವುದನ್ನು ರೂಢಿ ಮಾಡಿಕೊಳ್ಳಿ. ದೊಡ್ಡ ಗುಂಪಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಲ್ಲೇ ಅಳೆದು, ಅಂಥ ಅಳತೆ ಇಡೀ ಗುಂಪಿನಲ್ಲಿ ಎಷ್ಟು ಬರುತ್ತದೆ ನೋಡಿ. ಗುಂಪು ಇನ್ನೂ ದೊಡ್ಡದಿದ್ದರೆ ಹತ್ತರ ಬದಲು ಐವತ್ತು. ಜಾತಿ ಗೊತ್ತಾಗದಿದ್ದರೆ "ಸಣ್ಣ ಪ್ಲವರ್" ಅಂತಲೇ ಬರೆಯಿರಿ, ಊಹೆಯ ಹೆಸರು ಹಾಕಬೇಡಿ. ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಭರತದ ಹೊತ್ತನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಅದಿಲ್ಲದಿದ್ದರೆ ಇಳಿತದಲ್ಲಿ ಎಣಿಸಿದ ಇನ್ನೂರನ್ನೂ ಭರತದಲ್ಲಿ ಎಣಿಸಿದ ಎರಡು ಸಾವಿರವನ್ನೂ ಯಾರೂ ಹೋಲಿಸಲು ಆಗುವುದಿಲ್ಲ. ಜನವರಿಯಲ್ಲಿ ಏಷ್ಯಾ ಮಟ್ಟದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದು ಬಂದಿದೆ. ಆ ವಾರ ನಿಮಗೆ ಬಿಡುವಿದ್ದರೆ ಸ್ಥಳೀಯ ಪಕ್ಷಿ ಆಸಕ್ತರನ್ನು ಹುಡುಕಿ ಸೇರಿಕೊಳ್ಳಿ.

ಇನ್ನೊಂದು ವಿಷಯ. ಹಕ್ಕಿಗಳ ಕಾಲನ್ನು ನೋಡುವಾಗ ಬಣ್ಣದ ಉಂಗುರವೋ ಸಣ್ಣ ಪಟ್ಟಿಯೋ ಇದೆಯಾ ಗಮನಿಸಿ. ಇದ್ದರೆ ಯಾವ ಕಾಲು, ಮೊಣಕಾಲಿನ ಮೇಲಾ ಕೆಳಗಾ, ಮೇಲಿನ ಪಟ್ಟಿ ಯಾವ ಬಣ್ಣ, ಕೆಳಗಿನದು ಯಾವುದು, ಅಕ್ಷರ ಇದ್ದರೆ ಏನು ಅಂತ ತಕ್ಷಣ ಬರೆದುಕೊಳ್ಳಿ. ಫೋಟೋ ಮಸುಕಾದರೂ ಪರವಾಗಿಲ್ಲ, ತೆಗೆದುಕೊಳ್ಳಿ. ಉಂಗುರ ಹಾಕಿದವರಿಗೆ ಆ ವಿವರ ತಲುಪಿದರೆ ಆ ಹಕ್ಕಿ ಎಲ್ಲಿ ಸಿಕ್ಕಿತ್ತು, ಯಾವ ವರ್ಷ ಉಂಗುರ ಹಾಕಿದ್ದು ಅಂತ ನಿಮಗೂ ಉತ್ತರ ಬರುತ್ತದೆ.